ಹಳೇ ಬೋಲ್ಟಿನ ಹಂಗು

ಬೈಕ್ ಬಿಚ್ಚುವಾಗ ಯಾರಿಗೂ ಸಂದೇಹ ಹುಟ್ಟುವುದಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸುತ್ತಾ ಹೋದರಾಯಿತು. ಪೀಕಲಾಟ ಶುರುವಾಗುವುದು ವಾಪಸ್ ಕೂರಿಸುವಾಗ. ತಟ್ಟೆಯಲ್ಲಿ ಎಣ್ಣೆ ಮೆತ್ತಿಕೊಂಡು ಬಿದ್ದಿರುವ ಬೋಲ್ಟುಗಳನ್ನು ನೋಡಿ, ಇವನ್ನೇ ಹಾಕಲಾ, ಹೊಸವು ತರಲಾ ಎಂದು ಮನಸ್ಸು ಡೋಲಾಯಮಾನವಾಗುತ್ತದೆ. ಅದೂ ಅಂಗಡಿ ಮುಚ್ಚಿದ ಮೇಲೆಯೇ!

ಈ ವಿಷಯದಲ್ಲಿ ಎರಡು ಪಂಗಡಗಳಿವೆ. ಒಮ್ಮೆ ಬಿಚ್ಚಿದ್ದೆಲ್ಲ ಕಸ ಎನ್ನುವವರು ಒಂದು ಕಡೆ. ತಲೆ ಸವೆದು ಸ್ಪ್ಯಾನರ್‌ಗೇ ಸಿಗದ ಬೋಲ್ಟನ್ನೂ ‘ಇನ್ನೊಂದು ಸಲ ಬರುತ್ತೆ ಬಿಡಿ’ ಎನ್ನುವವರು ಇನ್ನೊಂದು ಕಡೆ. ನಾನು ಸ್ವಭಾವದಿಂದ ಎರಡನೆಯ ಪಂಗಡ. ಬ್ರೇಕ್ ಹತ್ತಿರ ಬಂದಾಗ ಮಾತ್ರ ಮರ್ಯಾದೆಯಾಗಿ ಪಕ್ಷಾಂತರ ಮಾಡುತ್ತೇನೆ.

ಬೋಲ್ಟನ್ನು ನಾವು ಸುಮ್ನೆ ಒಂದು ಕಬ್ಬಿಣದ ತುಂಡು ಅಂದುಕೊಳ್ಳುತ್ತೇವೆ. ಅದು ನಿಜಕ್ಕೂ ಒಂದು ಬಿಗಿ ಸ್ಪ್ರಿಂಗ್. ಬಿಗಿದಾಗ ಹಿಗ್ಗುತ್ತದೆ. 50 ಮಿಲಿಮೀಟರ್ ಉದ್ದದ್ದು ಸರಿಯಾಗಿ ಬಿಗಿದರೆ ಸುಮಾರು 0.1 ಮಿಲಿಮೀಟರ್ ಉದ್ದವಾಗುತ್ತದೆ, ಅಷ್ಟೇ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಎರಡು ಭಾಗಗಳನ್ನು ಕಚ್ಚಿ ಹಿಡಿಯುವುದು. ಸಡಿಲಿಸಿದಾಗ ಮೊದಲಿನ ಉದ್ದಕ್ಕೆ ಬಂದರೆ ಅದು ಚೆನ್ನಾಗಿದೆ ಎಂದೇ ಲೆಕ್ಕ. ಮಿತಿ ಮೀರಿ ಎಳೆದಿದ್ದರೆ ಹಳೇ ಚಡ್ಡಿಯ ಎಲಾಸ್ಟಿಕ್ ಕಥೆಯೇ: ನೋಡಲು ಇದೆ, ಹಿಡಿಯುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷದ ಬೋಲ್ಟು ಗಟ್ಟಿಯಾಗಿರಬಹುದು. ನಿನ್ನೆ ತಂದದ್ದನ್ನು ಯಾರೋ ಪೌರುಷ ತೋರಿಸಿ ಬಿಗಿದಿದ್ದರೆ ಅದರ ಆಯಸ್ಸು ಅಲ್ಲಿಗೇ ಮುಗಿದಿರಬಹುದು.

ಎಳೆದಿದೆಯೋ ಇಲ್ಲವೋ ಎಂದು ನೋಡಲು ದೊಡ್ಡ ಉಪಕರಣವೇನೂ ಬೇಡ. ವೈರ್ ಬ್ರಷ್‌ನಿಂದ ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೀರು, ಉಜ್ಜಿ, ಚೆನ್ನಾಗಿರುವ ಒಂದು ನಟ್ಟನ್ನು ಬೆರಳಲ್ಲೇ ತಿರುಗಿಸುತ್ತಾ ಹೋಗಬೇಕು. ಸಲೀಸಾಗಿ ಹೋಗುತ್ತಿದ್ದದ್ದು ಮಧ್ಯದಲ್ಲೆಲ್ಲೋ ಬಿಗಿಯಾಯಿತು ಎಂದರೆ ಅನುಮಾನ ಪಡಿ. ಕೊಳೆ ಇಲ್ಲ, ಪೆಟ್ಟೂ ಬಿದ್ದಿಲ್ಲ ಎಂದಾದರೆ ಅಲ್ಲಿ ಎಳೆದು ಥ್ರೆಡ್‌ಗಳ ಅಂತರ ಬದಲಾಗಿದೆ. ಬೆಳಕಿಗೆ ಹಿಡಿದರೆ ಅದೇ ಜಾಗದಲ್ಲಿ ಸೊಂಟ ಸಣ್ಣಗಾದದ್ದು ಕಂಡರೂ ಕಾಣಬಹುದು. ಅಂಥದ್ದಕ್ಕೆ ಕರುಣೆ ತೋರಿಸಬಾರದು.

ತುಕ್ಕನ್ನು ನಾವು ಅಂದಕ್ಕೆ ಸಂಬಂಧಪಟ್ಟದ್ದು ಎಂದು ತಿಳಿದಿದ್ದೇವೆ. ಆದರೆ ಬಿಗಿಯಲು ನಾವು ಹಾಕುವ ಶಕ್ತಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 90 ಪಾಲು ತಲೆಯ ಕೆಳಗಿನ ಮತ್ತು ಥ್ರೆಡ್‌ಗಳ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆಯಲು ಉಳಿಯುವುದು 10. ತುಕ್ಕು ಹಿಡಿದಿದ್ದರೆ ಆ 10ರಲ್ಲೂ ಖೋತಾ. ಗೊತ್ತು ಮಾಡಿದಷ್ಟು ಬಲ ಬಿದ್ದಾಗ ಸದ್ದು ಮಾಡುವ ಟಾರ್ಕ್ ರೆಂಚ್ ‘ಟಕ್’ ಅನ್ನುತ್ತದೆ, ನಾವು ತೃಪ್ತರಾಗುತ್ತೇವೆ, ಒಳಗೆ ಬಿಗಿಯೇ ಆಗಿರುವುದಿಲ್ಲ. ಜಾರಲಿ ಎಂದು ಎಣ್ಣೆ ಸುರಿದರೆ ಉಲ್ಟಾ. ಅದೇ ‘ಟಕ್’ ಬರುವಷ್ಟರಲ್ಲಿ ಬೋಲ್ಟು ಜಾಸ್ತಿ ಎಳೆದಿರುತ್ತದೆ.

ಇನ್ನು ಕೆಲವು ವಾದಕ್ಕೇ ಬರುವುದಿಲ್ಲ. ಕನೆಕ್ಟಿಂಗ್ ರಾಡ್ ಬೋಲ್ಟು, ಮಿತಿ ಮೀರಿ ಎಳೆಯಲೆಂದೇ ಮಾಡಿದ ಕೆಲವು ಎಂಜಿನ್‌ಗಳ ಹೆಡ್ ಬೋಲ್ಟು, ನೈಲಾನ್ ಕೂರಿಸಿದ ಲಾಕ್ ನಟ್, ಮಡಚಿ ಬಿಡಿಸಿದ ಸ್ಪ್ಲಿಟ್ ಪಿನ್, ಡ್ರೈನ್ ಬೋಲ್ಟಿನ ಚಪ್ಪಟೆಯಾದ ವಾಷರ್. ಸರ್ವಿಸ್ ಮ್ಯಾನ್ಯುಯಲ್ ‘ಹೊಸದು ಹಾಕಿ’ ಎಂದಿದ್ದರೆ ಹಾಕಿ. ಚರ್ಚೆ ಬೇಡ.

ಉಳಿದವಕ್ಕೆ ನಾನು ಕೇಳುವುದು ಒಂದೇ: ಇದು ಬಿಟ್ಟುಕೊಂಡರೆ ಏನಾಗುತ್ತೆ? ಸೈಡ್ ಪ್ಯಾನೆಲ್ ಹಿಡಿದಿರುವ ಎಂ6 (6 ಮಿಲಿಮೀಟರ್ ದಪ್ಪದ) ಬೋಲ್ಟು ಬಿದ್ದರೆ ಪ್ಯಾನೆಲ್ ಗಡಗಡ ಅನ್ನುತ್ತದೆ. ಹಳೆಯದೇ ಸಾಕು. ಬ್ರೇಕ್ ಕ್ಯಾಲಿಪರಿನದು ಬಿದ್ದರೆ ಗಡಗಡ ಅನ್ನುವವರು ನಾವು.

ಹೊಸದು ಎಂದಾಕ್ಷಣ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ತರುವವರಿದ್ದಾರೆ. ತಲೆ ಮೇಲಿನ ಅಂಕಿ ಓದುವುದು ಒಳ್ಳೆಯದು, ಅಲ್ವಾ? 10.9 ಎಂದರೆ ಚದರ ಮಿಲಿಮೀಟರಿಗೆ 1000 ನ್ಯೂಟನ್ ತಡೆಯುವ ಸ್ಟೀಲು. ಮಾಮೂಲಿಯಾಗಿ ಸಿಗುವ ಸ್ಟೇನ್‌ಲೆಸ್‌ನ ಎ2-70ಕ್ಕೆ ಅದು 700. ಮಸಿ ಮೆತ್ತಿದ ಹಳೇ 10.9 ಬಿಸಾಕಿ ಹೊಳೆಯುವುದನ್ನು ಹಾಕಿದರೆ ಬೈಕಿಗೆ ಹಿಂಬಡ್ತಿ ಕೊಟ್ಟಂತೆ. ಇಂಥ ಕಡೆ ಹಳೆಯದೇ ವಾಸಿ.

ಮರೆಯುವ ಇನ್ನೊಂದು ಸಂಗತಿ, ತೂತು. ಎಂಜಿನ್ ಕೇಸಿನ ಅಲ್ಯೂಮಿನಿಯಂ ಸ್ಟೀಲಿಗಿಂತ ಮೆದು. ಪೆಟ್ಟು ತಿಂದ ಥ್ರೆಡ್ಡಿನ ಬೋಲ್ಟನ್ನು ಅಲ್ಲಿ ಬಲವಂತವಾಗಿ ತೂರಿಸಿದರೆ ಕೆಡುವುದು ಕೇಸು. ಆಮೇಲೆ ತೂತು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಹೆಲಿಕಾಯಿಲ್ ಎಂಬ ತಂತಿ ಸುರುಳಿಯ ಥ್ರೆಡ್ ಕೂರಿಸುತ್ತಾ ಅರ್ಧ ದಿನ ಕಳೆಯಬೇಕು. ಒಂದು ಬೋಲ್ಟು ಉಳಿಸಿದ ಜಾಣತನಕ್ಕೆ ಇದು ಜಾಸ್ತಿಯಾಯಿತು.

ಇಷ್ಟೆಲ್ಲ ತಿಳಿದೂ ಬೋಲ್ಟು ಬಿಸಾಡಲು ನನಗೆ ಕೈ ಬರುವುದಿಲ್ಲ. ‘ಯಾವುದಕ್ಕಾದರೂ ಆದೀತು’ ಎಂದು ಡಬ್ಬಿಗೆ ಹಾಕುತ್ತೇನೆ. ಬೇಕಾದಾಗ ಆ ಡಬ್ಬಿಯಲ್ಲಿ ಸಿಗುವುದು ಐದು ಮಿಲಿಮೀಟರ್ ಗಿಡ್ಡದು, ಇಲ್ಲವೇ ಪಿಚ್ (ಥ್ರೆಡ್‌ಗಳ ಅಂತರ) ಬೇರೆಯದು. ಸರಿಯಾದ ಅಳತೆಯದು ಸಿಕ್ಕಿತು ಎಂದರೆ, ಅದು ಹಿಂದೆ ನಾನೇ ಬೇಡವೆಂದು ತೆಗೆದದ್ದೇ ಇರಬೇಕು. ಅದಕ್ಕೇ ಈಗ ತಿರಸ್ಕರಿಸಿದ ಬೋಲ್ಟಿನ ಥ್ರೆಡ್ ಮೇಲೆ ಸುತ್ತಿಗೆಯಿಂದ ಎರಡು ಏಟು ಬಾರಿಸಿಯೇ ಡಬ್ಬಿಗೆ ಹಾಕುವುದು.