ಎನ್‌ಫೀಲ್ಡ್ ಕೋವಿಯ ಗಂಟಲ ಕೆರೆತ

1853ರ ಮಾದರಿಯ ಎನ್‌ಫೀಲ್ಡ್ ಕೋವಿ ಎಂದರೆ ನಮಗೆ ನೆನಪಾಗುವುದು 1857 ಮತ್ತು ತೋಟಾಕ್ಕೆ ಸವರಿದ ಕೊಬ್ಬು. ಇಂದು ಅದನ್ನು ಹರಾಜಿನಲ್ಲಿ ಕೂಗಿ ತರುವ ಇಂಗ್ಲೆಂಡ್, ಅಮೆರಿಕದ ಹವ್ಯಾಸಿಗಳಿಗೆ ಕೊಬ್ಬಿನ ಗೊಡವೆಯಿಲ್ಲ, ತುಕ್ಕಿನದೇ ತಲೆನೋವು. ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗುಂಡನ್ನು ತಿರುಗಿಸುವ ಮೂರು ಸುರುಳಿ ಗೆರೆ ಕಾಣಬೇಕಾದಲ್ಲಿ ಹಳೇ ಬೋರ್‌ವೆಲ್ ಪೈಪು ಕಾಣುತ್ತದೆ.

ತಿಕ್ಕುವ ಮೊದಲು ಅಳೆಯಬೇಕು. ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ತುದಿ ನಿಪ್ಪಲ್ (ಕಿಡಿ ಹೊತ್ತಿಸುವ ಕೇಪು ಕೂರುವ ಮೊಳೆ) ಹತ್ತಿರ ಬಾರದೆ ಎರಡು ಇಂಚು ಹಿಂದೆಯೇ ನಿಂತರೆ, ಯಾವನೋ ಪುಣ್ಯಾತ್ಮ ತುಂಬಿಟ್ಟ ಮದ್ದು-ಗುಂಡು ಇನ್ನೂ ಒಳಗಿರಬಹುದು. ಒಣಗಿದ್ದರೆ ಮದ್ದಿಗೆ ಮುಪ್ಪಿಲ್ಲ. ಎಲ್ಲ ಅಲ್ಲಿಗೇ ಬಿಟ್ಟು ಕೋವಿ ಬಲ್ಲ ಮೆಕ್ಯಾನಿಕ್ಕನ್ನು ಹುಡುಕಿ.

ಖಾಲಿ ಇದೆಯೇ? ಸರಿ, ಬಿಸಿನೀರು ಕಾಯಿಸಿ. ಸೀಮೆಎಣ್ಣೆಯಲ್ಲ, ನೀರು. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಸುಟ್ಟ ಮೇಲೆ ಉಳಿಯುವ ಲವಣಗಳು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತವೆ. ಹಳೇ ಕೇಪುಗಳದ್ದಂತೂ ಅಡುಗೆ ಉಪ್ಪಿನ ದಾಯಾದಿಯೇ. ಎಣ್ಣೆಗೆ ಇವು ಕರಗುವುದಿಲ್ಲ.

ಆಮೇಲೆ ಬ್ರಷ್ಷು. ಈ ನಳಿಗೆಯ ತಳ ಮುಚ್ಚಿರುವುದರಿಂದ ಕಂಚಿನ ಬ್ರಷ್ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ: ಕೂದಲು ಹಿಂದಕ್ಕೆ ಬಾಗಿರುತ್ತದೆ, ತಿರುಗಿ ಬಾಗಲು ಜಾಗವಿಲ್ಲ. ಕಡ್ಡಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಎಳೆಯಬೇಕು. ಸಿಟ್ಟಿನಲ್ಲಿ ಎಡಕ್ಕೆ ತಿರುಗಿಸಿದವರ ಕೈಗೆ ಕಡ್ಡಿ ಮಾತ್ರ ಬರುತ್ತದೆ.

ಇಷ್ಟಕ್ಕೂ ಒರಟು ಹೋಗದಿದ್ದರೆ ನಳಿಗೆಯೊಳಗೇ ಎರೆದು ತಿಕ್ಕಲು ಬಳಸುವ ಸೀಸದ ಅಚ್ಚು. ಬಾಯಿಯಿಂದ ಐದಾರು ಇಂಚು ಒಳಗೆ ನಾರು ತುರುಕಿ, ಸೀಸ ಹಿಡಿದುಕೊಳ್ಳಲು ತುದಿಯಲ್ಲಿ ಕಚ್ಚು ಕೊಯ್ದ ಉಕ್ಕಿನ ಕಡ್ಡಿ ನಿಲ್ಲಿಸಿ, ಬೆಚ್ಚಗೆ ಮಾಡಿದ ನಳಿಗೆಗೆ ಕರಗಿದ ಸೀಸ ಹುಯ್ಯುವುದು. ಕರಗುವುದು 327 ಡಿಗ್ರಿಗೆ. ಒಳಗೆ ಒಂದು ಹನಿ ನೀರಿದ್ದರೂ ಉಗಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಕನ್ನಡಕ ಹಾಕಿ, ಬಾಗಿಲು ತೆರೆದಿಡಿ, ಅಡುಗೆಮನೆಯ ಸೌಟು ಮುಟ್ಟಬೇಡಿ.

ಅಚ್ಚನ್ನು ತುಸು ಮಾತ್ರ ಹೊರಗೆಳೆದು 320ನೇ ನಂಬರಿನ ಎಮರಿ ಸಾಣೆಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಉದ್ದಕ್ಕೂ ಒಂದೇ ಸಮ ಓಡಾಡಿಸಿ. ಪೂರ್ತಿ ಎಳೆದರೆ ಮತ್ತೆ ಅದೇ ಗೆರೆಗೆ ಕೂರಿಸುವುದು ಕಷ್ಟ. ಕಡ್ಡಿಯ ಹಿಡಿ ಬೇರಿಂಗ್ ಮೇಲಿರಬೇಕು. 78 ಇಂಚಿಗೆ ಒಂದು ಸುತ್ತಿನ ಗೆರೆ, 39 ಇಂಚಿನ ನಳಿಗೆಯಲ್ಲಿ ಅರ್ಧ ಸುತ್ತು. ಹಿಡಿ ತಿರುಗದಿದ್ದರೆ ಗೆರೆಯೇ ಸವೆಯುತ್ತದೆ. ಬಾಯಿಯ ಅಂಚಿಗೆ ಕಡ್ಡಿ ಒರೆಸಿದರೆ ತುಕ್ಕು ನೂರು ವರ್ಷದಲ್ಲಿ ಮಾಡದ ಹಾಳನ್ನು ನೀವು ಒಂದು ಭಾನುವಾರದಲ್ಲಿ ಮಾಡಿರುತ್ತೀರಿ.

ಕುಳಿಗಳು ಹೋಗುವುದಿಲ್ಲ, ಅವುಗಳ ಚೂಪು ಅಂಚು ಹೋದರೆ ಸಾಕು. ಬಿಗಿ ಚಿಂದಿ ಎಲ್ಲೂ ತಡೆಯದೆ ಒಂದೇ ಸಮ ಜಾರಿದರೆ ನಿಲ್ಲಿಸಿ. ಕನ್ನಡಿಯ ಹೊಳಪು ಬೇಕೆನ್ನುವವರು ಕನ್ನಡಿಯನ್ನೇ ಕೊಳ್ಳಲಿ.

ಕೊನೆಗೆ ತೊಳೆದು, ಒರೆಸಿ, ಎಣ್ಣೆ ಸವರಿ ರಾತ್ರಿ ಬಾಯಿ ಕೆಳಗೆ ಮಾಡಿ ಪತ್ರಿಕೆಯ ಮೇಲೆ ನಿಲ್ಲಿಸಿ. ಬೆಳಿಗ್ಗೆ ಕಾಗದದ ಮೇಲೆ ಎಣ್ಣೆಯ ಕಲೆಯಷ್ಟೇ ಇದ್ದರೆ ಕಾಫಿ ಕುಡಿಯಬಹುದು. ಕಂದು ಬಳೆಯಿದ್ದರೆ ಮತ್ತೆ ನೀರು ಕಾಯಿಸಿ.