ಮದರ್‌ಬೋರ್ಡ್ ಬದಲಿಸುವ ಮೊದಲು
ಕಂಪ್ಯೂಟರಿನ ಮದರ್‌ಬೋರ್ಡಿನಲ್ಲೇ (ಮುಖ್ಯ ಸರ್ಕ್ಯೂಟ್ ಬೋರ್ಡ್) ಇರುವ ಸೌಂಡ್ ಕಾರ್ಡ್ ಹೋದರೆ ಮದರ್‌ಬೋರ್ಡೇ ಬದಲಿಸಿ ಎಂದು ಬರೆದಿದ್ದೀರಿ. ಅಷ್ಟು ಖರ್ಚು ಸುಮ್ನೆ ಯಾಕೆ? ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್, ಅಂದರೆ ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಾಕು. ಹೆಚ್ಚಿನವಕ್ಕೆ ಬೇರೆ ಡ್ರೈವರ್ ಸಾಫ್ಟ್‌ವೇರೂ ಬೇಡ. ಸಿಕ್ಕಿಸಿದ ಮೇಲೂ ಸದ್ದಿಲ್ಲದಿದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಹಳೆಯ ಕಾರ್ಡಿಗೇ ಇದೆಯಾ ನೋಡಿ, ಬದಲಿಸಿ. ಕೆಟ್ಟ ಕಾರ್ಡನ್ನು ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಆಫ್ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು.

ಆದರೆ ಹಳೆಯ ಯಕ್ಷಗಾನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವವರಿಗೆ ಅಗ್ಗದ ಅಡಾಪ್ಟರ್ ಆಗದು. ಅದರಲ್ಲಿರುವುದು ಸಾಮಾನ್ಯವಾಗಿ ಬರೀ ಮೈಕ್ ಜಾಕ್, ಅದೂ ಮೋನೋ, ಎಡ-ಬಲ ಬೇರೆ ಇರುವುದಿಲ್ಲ. ಮೈಕಿನ ಸಣ್ಣ ಸಿಗ್ನಲ್‌ಗೆಂದೇ ಇರುವ ಆ ಜಾಕಿಗೆ ಕ್ಯಾಸೆಟ್ ಪ್ಲೇಯರಿನಿಂದ ನೇರ ಕೊಟ್ಟರೆ ಚೆಂಡೆಯ ಪೆಟ್ಟು ಒಡೆದು ಕೇಳುತ್ತದೆ. ಲೈನ್-ಇನ್ (ಪ್ಲೇಯರಿನಂಥ ಸಾಧನದ ಜೋರು ಸಿಗ್ನಲ್ ತೆಗೆದುಕೊಳ್ಳುವ ಜಾಕ್) ಇರುವುದನ್ನೇ ಕೊಳ್ಳಿ.

ಅಂದ ಹಾಗೆ, ನಮ್ಮ ಮಲ್ಪೆ ಕಡೆ ಉಪ್ಪುಗಾಳಿಗೆ ಜಾಕ್ ತುಕ್ಕು ಹಿಡಿಯುವುದೂ ಉಂಟು. ಕಾರ್ಡ್ ಹೋಯ್ತು ಅನ್ನುವ ಮೊದಲು ಹಿಂದಿನ ಹಸಿರು ಜಾಕ್, ಮುಂದಿನ ಜಾಕ್ ಎರಡಕ್ಕೂ ಬೇರೆ ಹೆಡ್‌ಫೋನ್ ಹಾಕಿ ನೋಡಿ.