ಸ್ಪಷ್ಟನೆ: ಯೂನಿವರ್ಸಲ್ ಗ್ಲೇಜ್ ಇದ್ದರೂ ಫೈರಿಂಗ್ ಒಂದೇ ಅಲ್ಲ

“ಯೂನಿವರ್ಸಲ್ ಗ್ಲೇಜ್ ಒಂದಿದ್ದರೆ ಸಾಕು, ಜಿರ್ಕೋನಿಯಾ, ಲಿಥಿಯಂ ಡೈಸಿಲಿಕೇಟ್, ಲೋಹದ ಮೇಲಿನ ಪೋರ್ಸಲೇನ್ ಎಲ್ಲವನ್ನೂ ಒಂದೇ ಪ್ರೋಗ್ರಾಂನಲ್ಲಿ ಸುಡಬಹುದು” ಎಂಬ ಸಂದೇಶ ಡೆಂಟಲ್ ಲ್ಯಾಬ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಗ್ಲೇಜ್ ಅಂದರೆ ಕೃತಕ ಹಲ್ಲಿನ ಮೇಲೆ ಹಚ್ಚಿ ಕುಲುಮೆಯಲ್ಲಿ ಸುಡುವ (ಫೈರಿಂಗ್) ಗಾಜಿನಂಥ ಹೊಳಪಿನ ಪದರ. ಉಳಿದ ಮೂರು ಆ ಹಲ್ಲು ಮಾಡುವ ಸೆರಾಮಿಕ್ ವಸ್ತುಗಳು. ಪ್ರೋಗ್ರಾಂ ಅಂದರೆ ಕುಲುಮೆಯಲ್ಲಿ ತಾಪಮಾನ, ಸಮಯ ಹೊಂದಿಸುವ ಕ್ರಮ.

ಬಿಸಿಗೆ ಹಿಗ್ಗುವ ಪ್ರಮಾಣ ಎಲ್ಲ ಸೆರಾಮಿಕ್‌ಗಳಿಗೂ ಒಂದೇ ಅಲ್ಲ. ಜಿರ್ಕೋನಿಯಾ, ಲಿಥಿಯಂ ಡೈಸಿಲಿಕೇಟ್‌ಗಳದ್ದು ಸುಮಾರು 10, ಲೋಹದ ಮೇಲಿನ ಪೋರ್ಸಲೇನ್‌ನದ್ದು ಸುಮಾರು 13 (ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಉದ್ದದ ದಶಲಕ್ಷದಲ್ಲಿ ಇಷ್ಟು ಭಾಗ). ಗ್ಲೇಜ್‌ನದ್ದು ಅಡಿಯ ಸೆರಾಮಿಕ್‌ಗಿಂತ ತುಸು ಕಡಿಮೆ ಇರಬೇಕು. ಆಗ ತಣಿಯುವಾಗ ಗ್ಲೇಜ್ ಒತ್ತಡದಲ್ಲಿ ಬಿಗಿಯಾಗಿ ಕೂರುತ್ತದೆ. ಹೆಚ್ಚಿದ್ದರೆ ಎಳೆತಕ್ಕೆ ಸಿಕ್ಕಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ತೀರಾ ಕಡಿಮೆಯಿದ್ದರೆ ಚಕ್ಕೆ ಏಳಬಹುದು.

ಹಾಗಾಗಿ ‘ಯೂನಿವರ್ಸಲ್’ ಅನ್ನುವುದು ತಯಾರಕರು ಕೈಪಿಡಿಯಲ್ಲಿ ಕೊಟ್ಟ ವ್ಯಾಪ್ತಿಯೊಳಗೆ ಮಾತ್ರ. ಗ್ಲೇಜ್ ಪುಡಿ ಒಂದೇ ಆದರೂ ತಾಪಮಾನ, ಹಿಡಿಯುವ ಸಮಯ, ತಣಿಸುವ ವೇಗ ಬದಲಾಗುತ್ತವೆ. ಜಿರ್ಕೋನಿಯಾದಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಹಲವು ಹಲ್ಲು ಜೋಡಿಸಿದ ದಪ್ಪ ಬ್ರಿಡ್ಜ್‌ಗಳನ್ನು ಅವಸರದಲ್ಲಿ ಕಾಯಿಸಬಾರದು, ತಣಿಸಲೂಬಾರದು.

“ಗ್ಲೇಜ್ ಹಾಕಿದರೆ ಪಾಲಿಶ್ ಬೇಡ” ಎಂಬ ಸಾಲೂ ಆ ಸಂದೇಶದಲ್ಲಿದೆ. ಅದನ್ನಂತೂ ದಯವಿಟ್ಟು ನಂಬಬೇಡಿ. ಅಗಿಯುವ ಜಾಗದಲ್ಲಿ ಗ್ಲೇಜ್ ಕಾಲಕ್ರಮೇಣ ಸವೆಯುತ್ತದೆ. ಅಡಿಯ ಜಿರ್ಕೋನಿಯಾ ಒರಟಾಗಿದ್ದರೆ ಎದುರಿನ ಹಲ್ಲು ತೇಯುತ್ತದೆ. ಮೊದಲು ಪಾಲಿಶ್, ಆಮೇಲೆ ಗ್ಲೇಜ್.

ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.